ಅಪ್ಪ ಜೋಡಿಸಿದ ಗೇಮಿಂಗ್ ಕಂಪ್ಯೂಟರ್

ಎರಡು ವರ್ಷ ಪಗಾರ ಉಳಿಸಿ ಗೇಮಿಂಗ್ ಕಂಪ್ಯೂಟರ್ ಕೊಳ್ಳುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಅವ್ವ ಮಾತ್ರ, ಹೆಣ್ಣು ನೋಡಲು ಬಂದವರಿಗೆ ಹುಡುಗಿ ಹಾಡುತ್ತಾಳೆ ಅನ್ನಬಹುದು, ಬಂದೂಕಿನ ಆಟ ಆಡುತ್ತಾಳೆ ಅಂತ ಹೇಗೆ ಹೇಳುವುದು ಎಂದು ಗೊಣಗಿದಳು. ನಾನು ಇಚಲಕರಂಜಿಯಲ್ಲಿ ರಕ್ತ ತಪಾಸಣೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಸೂಜಿಗೆ ಹೆದರಿ ಮುಖ ಕಿವುಚುವವರನ್ನು ಸಮಾಧಾನ ಮಾಡಿ ಬಂದವಳಿಗೆ ಸಂಜೆ ಒಂದು ತಾಸು ಯಾರನ್ನಾದರೂ ಹೊಡೆದು ಉರುಳಿಸಬೇಕು ಅನ್ನಿಸುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ನನಗೆ ಕಂಡಿಲ್ಲ.

ತಕರಾರು ಹುಟ್ಟಿದ್ದು ಬೇರೆ ಮಾತಿಗೆ. ನನಗೆ ರೆಡಿಮೇಡ್ ಬೇಕಾಗಿತ್ತು. ಮನೆಗೆ ತಂದು ಸ್ವಿಚ್ ಒತ್ತಿದರೆ ಮುಗಿಯಿತು. ಅಪ್ಪನಿಗೆ ಮಾತ್ರ ಬಿಡಿಭಾಗ ತಂದು ತಾವೇ ಜೋಡಿಸಬೇಕಾಗಿತ್ತು.

ಅಪ್ಪ ನಮ್ಮ ಊರಿನದೇ ಶಹಾಪುರ ಭಾಗದ ಮಗ್ಗದ ಕಾರಖಾನೆಯೊಂದರಲ್ಲಿ ಜಾಬರ್ ಆಗಿದ್ದವರು. ಬಿಡಿಬಿಡಿಯಾಗಿ ಬಂದ ಮಗ್ಗವನ್ನು ಕೂಡಿಸುವುದು, ಕೆಟ್ಟರೆ ಬಿಚ್ಚಿ ಸರಿ ಮಾಡುವುದು, ಇದೇ ಅವರ ಜೀವನ. ಹೋದ ವರ್ಷ ಮಾಲಕರು ಹಳೆಯ ಮಗ್ಗಗಳನ್ನೆಲ್ಲ ಗುಜರಿಗೆ ಹಾಕಿ ಲಾಳಿಯಿಲ್ಲದ ಹೊಸ ಮಗ್ಗ ತಂದರು. ಅವನ್ನು ಬಿಚ್ಚಲು ಕಂಪನಿಯ ಮನುಷ್ಯನೇ ಬರಬೇಕಂತೆ. ಅಪ್ಪ ನಟ್ಟು ತಿರುಗಿಸುವ ತಮ್ಮ ಪಾನಾಗಳ ಚೀಲ ಹೊತ್ತು ಮನೆಗೆ ಬಂದರು. ಅದೇ ಹೊತ್ತಿಗೆ ಅವರ ಬಲಗೈ ಸಣ್ಣಗೆ ನಡುಗತೊಡಗಿತು. ಚಹಾ ಕುಡಿಯುವಾಗ ಕಪ್ಪು ಕೆಳಗಿನ ಬಸಿಗೆ ತಾಗಿ ಕಟಕಟ ಅನ್ನುವುದನ್ನು ನಾವು ಕೇಳಿಯೂ ಕೇಳದವರಂತೆ ಇರುತ್ತಿದ್ದೆವು.

ಕೊಲ್ಲಾಪುರದ ಅಂಗಡಿಗೆ ಇಬ್ಬರೂ ಹೋದೆವು. ಅಂಗಡಿಯವನು ಗಾಜಿನ ಬಾಗಿಲಿನ ಒಂದು ಚಂದದ ಪೆಟ್ಟಿಗೆ ತೋರಿಸಿ, ಹಿಂದೆ ಅಂಟಿಸಿದ ಚೀಟಿ ಹರಿದರೆ ಗ್ಯಾರಂಟಿ ಹೋಯಿತು ಎಂದು ಮರಾಠಿಯಲ್ಲಿ ಎಚ್ಚರಿಸಿದ. ಅಪ್ಪ ಆ ಚೀಟಿಯನ್ನೇ ನೋಡುತ್ತ ನಿಂತರು. ನಮ್ಮ ಓಣಿಯಲ್ಲಿ ಮಗ್ಗದ ಹತ್ತಿಧೂಳು ಹಾಸಿಗೆಯ ಮೇಲೂ ಬೀಳುತ್ತದೆ, ಈ ಫ್ಯಾನಿನೊಳಗೆ ಹದಿನೈದು ದಿನಕ್ಕೆ ಗಾದಿಯಷ್ಟು ತುಂಬುತ್ತದೆ, ಬಿಚ್ಚದೆ ಹೇಗೆ ಝಾಡಿಸುವುದು ಎಂದು ಕೇಳಿದರು. ಇಲ್ಲಿಗೆ ತನ್ನಿ ಕಾಕಾ, ನಾವು ಮಾಡಿಕೊಡುತ್ತೇವೆ ಎಂದ ಅವನು. ಧೂಳು ಝಾಡಿಸಲು ಹಾತಕಣಂಗಲೆ ದಾಟಿ ಕೊಲ್ಲಾಪುರಕ್ಕೆ ಬರಬೇಕೇ ಎಂದು ಅಪ್ಪ ನಕ್ಕರು. ಮಾತು ನಿಜವಿತ್ತು, ಅದಕ್ಕೇ ನನಗೆ ಸಿಟ್ಟು ಬಂತು.

ನನ್ನ ಹೆದರಿಕೆ ಧೂಳಿನದಲ್ಲ. ಪ್ರೊಸೆಸರ್ ಕೂರುವ ಜಾಗದಲ್ಲಿ ಕೂದಲಿಗಿಂತ ತೆಳ್ಳಗಿನ ಸಾವಿರಕ್ಕೂ ಹೆಚ್ಚು ಪಿನ್ನುಗಳಿರುತ್ತವೆ. ಕೈ ಒಂದಿಷ್ಟು ಜಾರಿ ಅವು ಬಾಗಿದರೆ ಮದರ್‌ಬೋರ್ಡೇ ಹೋಯಿತು. ಆಗ ನನ್ನ ಎರಡು ವರ್ಷ ಹೋದದ್ದು ಒಂದು ಕಡೆ. ಅಪ್ಪ ಮತ್ತೆಂದೂ ಪಾನಾ ಹಿಡಿಯುವುದಿಲ್ಲ ಎಂಬುದು ಇನ್ನೊಂದು ಕಡೆ. ನಿಮ್ಮ ಕೈ ನಡುಗುತ್ತದೆ ಅಂತ ಅಂಗಡಿಯವನ ಎದುರಿಗೆ ಹೇಗೆ ಹೇಳಲಿ? ಬಿಡಿಭಾಗಗಳನ್ನೇ ಕೊಡಿ ಎಂದೆ. ಅದು ಧೈರ್ಯವಲ್ಲ, ಪುಕ್ಕಲುತನ.

ಭಾನುವಾರ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಮೇಜಿನ ಮುಂದೆ ಕುಳಿತರು. ಪ್ರೊಸೆಸರ್ ನಾನು ಇಡುತ್ತೇನೆ ಅಂದೆ. ಕೇಳಿಸಲಿಲ್ಲವೆಂಬಂತೆ ಅದನ್ನು ಎತ್ತಿಕೊಂಡರು. ಮೊಳಕೈ ಮೇಜಿಗೆ ಊರಿ, ಎಡಗೈಯಿಂದ ಬಲ ಮಣಿಕಟ್ಟನ್ನು ಹಿಡಿದು, ಉಸಿರು ಕಟ್ಟಿದರು. ನಾನೂ ಕಟ್ಟಿದೆ. ಬೆರಳು ಒಮ್ಮೆ ಅದುರಿತು. ಅಪ್ಪ ಕಾದರು. ಅದುರು ನಿಂತ ಮೇಲೆ ಹಗುರಾಗಿ ಇಟ್ಟು ಕೈ ತೆಗೆದರು. ನಾನು ಬಾಗಿ ನೋಡಿದೆ; ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಅಲ್ಲಿಂದ ಮುಂದೆ ನಾನು ಸಡಿಲಾದೆ. ಪ್ರೊಸೆಸರಿನ ಮೇಲಿನ ಫ್ಯಾನಿನ ನಾಲ್ಕು ಸ್ಕ್ರೂಗಳನ್ನು ಅಪ್ಪ ಮೂಲೆಯಿಂದ ಮೂಲೆಗೆ ಬಿಗಿಯುತ್ತಿದ್ದಾಗ ಚಹಾ ತರಲು ಎದ್ದು ಹೋದೆ. ಮಧ್ಯಾಹ್ನ ಸ್ವಿಚ್ ಒತ್ತಿದೆವು. ಫ್ಯಾನು ತಿರುಗಿತು. ಪರದೆ ಕಪ್ಪಗೇ ಉಳಿಯಿತು, ಬೋರ್ಡಿನ ಮೇಲೆ ಒಂದು ಸಣ್ಣ ಕೆಂಪು ದೀಪ ಹತ್ತಿತು. ಆರಿಸಿ ಹಚ್ಚಿದೆವು. ಮತ್ತೆ ಅದೇ ಕೆಂಪು.

"ನನ್ನ ಕೈಯಿಂದ ಏನರ ಮುರೀತೇನ?" ಅಂದರು ಅಪ್ಪ.

ಇಲ್ಲ ಎಂದೆ. ಅವರು ನಂಬಲಿಲ್ಲ, ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು. ಅವ್ವ ಊಟಕ್ಕೆ ಕರೆದರೆ ಹಸಿವಿಲ್ಲ ಅಂದರು.

ನಾನು ಮೊಬೈಲಿನಲ್ಲಿ ಒಂದು ತಾಸು ಹುಡುಕಿದೆ. ಮೊದಲು ಹೆದರಿ ಹೆದರಿ ಪಿನ್ನುಗಳ ಬಗ್ಗೆ ಓದಿದೆ. ಆಮೇಲೆ ಇನ್ನೊಂದು ಕಾರಣ ಸಿಕ್ಕಿತು. ಫ್ಯಾನನ್ನು ಅತಿಯಾಗಿ ಬಿಗಿದರೆ ಬೋರ್ಡು ಬಾಗಿ ಮೆಮೊರಿ ಸಂಪರ್ಕ ತಪ್ಪುತ್ತದಂತೆ. ಸ್ಕ್ರೂಡ್ರೈವರ್ ಹಚ್ಚಿ ನೋಡಿದರೆ ನಾಲ್ಕೂ ಅಲುಗಲೊಲ್ಲವು. ನಗು ಬರಬೇಕಿತ್ತು, ಅಳು ಬಂತು. ಮಗ್ಗ ಹಗಲಿಡೀ ಅದುರುತ್ತದೆ, ನಟ್ಟು ಬಿಚ್ಚಿ ಬೀಳಬಾರದೆಂದು ಜಾಬರ್ ಯಾವಾಗಲೂ ಒಂದು ಸುತ್ತು ಹೆಚ್ಚಿಗೆ ಬಿಗಿಯುತ್ತಾನೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಇದಕ್ಕೇ. ತಪ್ಪು ಕೈಯದಲ್ಲ, ರೂಢಿಯದು.

ನಾಲ್ಕನ್ನೂ ಒಂದೊಂದು ಸುತ್ತು ಸಡಿಲಿಸಿದೆ. ಪರದೆ ಬೆಳಗಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದುಕೊಂಡು ಅಪ್ಪನನ್ನು ಕರೆದು, ಒಂದು ವೈರು ಸಡಿಲಿತ್ತು, ಒತ್ತಿದೆ, ಚಾಲೂ ಆಯಿತು ಎಂದೆ.

ಅಪ್ಪ ಪರದೆಯ ಕಡೆ ನೋಡಲೇ ಇಲ್ಲ. ಕಂಪ್ಯೂಟರ್ ಆರಿಸಲು ಹೇಳಿ, ಸ್ಕ್ರೂಡ್ರೈವರ್ ತಗೊಂಡು ಒಂದು ಸ್ಕ್ರೂವಿಗೆ ಮೆಲ್ಲಗೆ ತಾಗಿಸಿದರು. ಇನ್ನೊಂದಕ್ಕೆ ತಾಗಿಸಿದರು.

"ಇವನ್ನ ನೀ ಸಡಲ ಮಾಡೀದಿ."

ನಾನು ಮೇಜಿನ ಮೇಲಿನ ಖಾಲಿ ಡಬ್ಬಿಗಳನ್ನು ಒಂದರೊಳಗೊಂದು ಇಡತೊಡಗಿದೆ.

"ಕಾರಖಾನಿಯೊಳಗ ತಪ್ಪ ಮಾಡಿದ್ರ ಮಾಲಕ ಎಲ್ಲಾರ ಮುಂದ ಬೈತಿದ್ದ," ಅಂದರು. "ಆಮ್ಯಾಲ ಬೈಯೂದ ಬಿಟ್ಟ. ಎದುರ ಬಂದ್ರ ನಕ್ಕೋತ ಹೋಗಾವ. ಎರಡ ತಿಂಗಳಕ್ಕ ಮನೀಗಿ ಕಳಿಸಿದ."

ಪುಣ್ಯಕ್ಕೆ ಸಿಟ್ಟು ನನ್ನ ಕೈಬಿಡಲಿಲ್ಲ.

"ಒಂದ ಸುತ್ತ ಹೆಚ್ಚ ಬಿಗದೀರಿ ಅಪ್ಪಾ," ಅಂದೆ. "ಇದೇನ್ ಮಗ್ಗ ಅಲ್ಲರಿ, ಇದು ಅದುರಂಗಿಲ್ಲ. ಓದಿ ಮಾಡಬೇಕಿತ್ತು. ಬೋರ್ಡ್ ಮುರದಿದ್ರ ಏನ್ ಮಾಡ್ತಿದ್ರಿ?" ಜೀವನದಲ್ಲಿ ಅಪ್ಪನಿಗೆ ಅಷ್ಟು ಗಟ್ಟಿಯಾಗಿ ನಾನು ಮಾತಾಡಿದ್ದೇ ಇಲ್ಲ. ಅವ್ವ ಅಡುಗೆಮನೆಯಿಂದ ಓಡಿ ಬಂದು, ಹೆತ್ತಪ್ಪನಿಗೆ ಬೈಯುತ್ತೀಯೇನು ಎಂದು ನನ್ನ ಮೇಲೆ ಕೈಯೆತ್ತಿದಳು.

ಅಪ್ಪ ಸ್ಕ್ರೂವಿನಿಂದ ಕಣ್ಣು ತೆಗೆಯದೆ ಅವಳನ್ನು ತಡೆದರು.

"ನೀ ಒಳಗ ಹೋಗ. ನಮ್ಮದು ಕೆಲಸದ ಮಾತ ನಡದೈತಿ."