ಬರುವ ವರ್ಷದ ಹೋರಿ

ಚಪ್ಪಲಿಯ ಉಂಗುಷ್ಟ ಕಿತ್ತುಹೋದಾಗ ಅದನ್ನು ಹೊಲಿಸಬೇಕೋ, ಹೊಸ ಜೋಡನ್ನೇ ಕೊಳ್ಳಬೇಕೋ ಎಂಬುದು ನನ್ನ ಮಟ್ಟಿಗೆ ಉಪನಿಷತ್ತಿನ ಪ್ರಶ್ನೆಗಳಷ್ಟೇ ಗಹನವಾದದ್ದು. ಗೋಕಾಕದ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವವರ ಮುಂದೆ ಕೊಕ್ಕರೆಯಂತೆ ಒಂಟಿಗಾಲಿನಲ್ಲಿ ನಿಂತು ನಾನು ಮಾಡಿರುವ ಧ್ಯಾನವನ್ನು ಯಾವುದಾದರೂ ಗುಡ್ಡದ ಮೇಲೆ ಮಾಡಿದ್ದರೆ ಇಷ್ಟೊತ್ತಿಗೆ ಸಾಕ್ಷಾತ್ಕಾರವೇ ಆಗಿಬಿಡುತ್ತಿತ್ತು. ಹೊಲಿಸಿದರೆ ನಾಳೆ ಮತ್ತೆ ಕಿತ್ತೀತು. ಕೊಂಡರೆ ಹೊಸದು ಕಚ್ಚೀತು. ಸಂಸಾರದ ಸಂಕಟಗಳಲ್ಲಿ ಮುಕ್ಕಾಲು ಪಾಲು ಇದೇ ಜಾತಿಯವು, ಮಹನೀಯರೇ. ಕಳೆದ ಹಂಗಾಮಿನಲ್ಲಿ ನಮ್ಮ ಗಾಡಾ ತಂಡಕ್ಕೆ ಬಂದೊದಗಿದ್ದೂ ಇಂಥದೇ ಒಂದು.

ಗಾಡಾ ಎಂದರೆ ಓಟಕ್ಕೆಂದೇ ಮಾಡಿದ, ಮೈಯೆಲ್ಲ ಎಲುಬಾಗಿರುವ ಹಗುರ ಎತ್ತಿನ ಬಂಡಿ. ಅದರ ಶರ್ಯತ್ತು, ಅಂದರೆ ಓಟದ ಪಂದ್ಯ, ಇದೆಯೆಂದರೆ ನಮ್ಮ ಸೀಮೆಯವರು ಮದುವೆಯ ಊಟವನ್ನೂ ಅರ್ಧಕ್ಕೆ ಬಿಟ್ಟು ಓಡುತ್ತಾರೆ. ನಮ್ಮ ತಂಡದಲ್ಲಿ ಮೂವರು. ಎತ್ತುಗಳು ಕಲ್ಲೋಳಿಯ ಬಸಪ್ಪನವು. ಗಾಡಾ ಕಟ್ಟಿದವರೂ ಹೊಡೆಯುವವರೂ ಅದೇ ಊರಿನ ಬಡಿಗ ದಸ್ತಗೀರ ಕಾಕಾ. ಮೂರನೆಯವನಾದ ನಾನು ನಿವೃತ್ತ ಕನ್ನಡ ಮಾಸ್ತರ. ತಂಡದ ಸಲಹೆಗಾರನೆಂಬ ಬಿರುದು ಹೊತ್ತು, ವಾಸ್ತವದಲ್ಲಿ ನೀರಿನ ಕೊಡ ಹಿಡಿದು ನಿಲ್ಲುವವನು.

ಆ ಹಂಗಾಮಿನಲ್ಲಿ ಐದು ಶರ್ಯತ್ತು ಓಡಿ ಐದರಲ್ಲೂ ನಾವು ಕಡೆಯವರಾಗಿದ್ದೆವು. ಹುಕ್ಕೇರಿ ಕಡೆಯ ಓಟದಲ್ಲಂತೂ ಮುಂದಿನವರು ಎಬ್ಬಿಸಿದ ಧೂಳು ಇಳಿದ ಮೇಲೆಯೇ ನಮ್ಮ ದರ್ಶನವಾದದ್ದು. ಅರಭಾವಿಯ ಚಹಾದಂಗಡಿಯವನು ಬಹಳ ವಿನಯದಿಂದ, "ಮಾಸ್ತರ್ರ, ನಿಮ್ಮ ಗಾಡಾ ಶರ್ಯತ್ತಿಗೆ ಬಂದಿತ್ತೋ, ಸಂತಿಗೆ ಹೊಂಟಿತ್ತೋ?" ಎಂದು ಕೇಳಿದ. ನಾನು ಚಹಾ ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿದೆ.

ಉಳಿದದ್ದು ಮೂಡಲಗಿ ಹತ್ತಿರದ ಒಂದೇ ಒಂದು ಶರ್ಯತ್ತು. ಬಸಪ್ಪನದು ವ್ಯವಹಾರದ ಬುದ್ಧಿ. "ಕಾಕಾ, ಈ ವರ್ಷಕ್ಕ ಕೈ ಮುಗದ ಬಿಡೂಣ್ರಿ. ಮನ್ಯಾಗ ಎಳೀ ಹೋರಿ ಐತಿ, ಅದನ್ನ ಪಳಗಸೂಣು. ಬರೋ ವರ್ಷ ಹೊಸಾ ಗಾಡಾ, ಹೊಸಾ ಜೋಡಿ," ಎಂದ. ಮಾತಿನಲ್ಲಿ ತೂಕವಿತ್ತು, ನಾನು ಎಂದಿನಂತೆ ತಲೆಯಾಡಿಸಿದೆ.

ಕಾಕಾ ಬೀಡಿ ಆರಿಸಿದರು. "ಬಸಪ್ಪಾ, ಬರೋ ವರ್ಷ ನಿನ್ನ ಹೋರಿಗೆ ಬರತೈತಿ, ನನ್ನ ಮೊಣಕಾಲಿಗೆ ಬರಂಗಿಲ್ಲ. ಮಂದಿಗೆ ಎಷ್ಟೋ ಗೆಲ್ಲೂ ಗಾಡಾ ಮಾಡಿಕೊಟ್ಟೇನಿ. ಖರೆ, ನಾ ಹಗ್ಗಾ ಹಿಡದ ಗಾಡಾ ಒಂದ ಸಲಾನೂ ಗೆದ್ದಿಲ್ಲಪಾ. ಇದೊಂದ ಉಳದೈತಿ."

ನನ್ನ ತಲೆ ಆಡುವುದನ್ನು ನಿಲ್ಲಿಸಿತು. ನಾಚಿಕೆಯೂ ಆಯಿತು. ಮುಂದಿನ ವರ್ಷ ಎಂಬುದು ಎಲ್ಲರ ಮನೆಯ ಉಗ್ರಾಣದಲ್ಲೂ ಇರುತ್ತದೆಂದು ನಾವು ಎಷ್ಟು ಸಲೀಸಾಗಿ ನಂಬಿಬಿಟ್ಟಿರುತ್ತೇವೆ!

ಕೊನೆಗೆ ಹಾವೂ ಸಾಯದ, ಕೋಲೂ ಮುರಿಯದ ಒಪ್ಪಂದವಾಯಿತು: ಮುಂಜಾನೆ ಹೋರಿಯ ಪಾಠ, ಸಂಜೆ ಹಳೆಯ ಜೋಡಿಯ ತಾಲೀಮು. ಹೋರಿಗೆ ಪಾಠ ಹೇಳಲು ಜೊತೆಗಾರನಾಗಿ ನಿಂತದ್ದು ಹಳೆಯ ಜೋಡಿಯಲ್ಲೊಂದಾದ ನಮ್ಮ ರಾಜಾ. ಹಂಗಾಮಿನ ಮೊದಲಲ್ಲಿ ಬೆಲ್ಲದ ಬಾಗೇವಾಡಿಯಿಂದ ತಂದ, ನೋಡಿದವರ ದೃಷ್ಟಿ ತಾಗುವಂಥ ಎತ್ತು ಅದು. ನೋಟದಲ್ಲಿ ಚಕ್ರವರ್ತಿ, ಓಟದಲ್ಲಿ ಪಿಂಚಣಿದಾರ. ಹೋರಿಯೋ ಮಹಾ ಹಟಮಾರಿ. ನೊಗದ ಎಡಕ್ಕೆ ಕಟ್ಟಿದರೆ ಮಲಗಿಬಿಡುತ್ತಿತ್ತು. ಬೇಸತ್ತ ಕಾಕಾ ಅದನ್ನು ಬಲಕ್ಕೆ ಹೂಡಿ, ಇಡೀ ಹಂಗಾಮು ಬಲಕ್ಕೇ ಓಡಿದ್ದ ರಾಜಾನನ್ನು ಎಡಕ್ಕೆ ತಂದರು.

ಆಮೇಲೆ ಆದದ್ದನ್ನು ಏನೆಂದು ಹೇಳಲಿ! ರಾಜಾ ಒಮ್ಮೆ ನೊಗವನ್ನು ಮೂಸಿತು, ಕಿವಿ ನಿಗುರಿಸಿತು, ಹಾರಿತು. ಹೋರಿಯೂ ಬೆದರಿ ಜೊತೆಗೆ ಹಾರಿತು. ಕಾಕಾ ಹೊಲದ ಆ ತುದಿಯಿಂದ, "ಯಾ ಅಲ್ಲಾ, ನಿಲ್ಲವಲ್ದಪೋ!" ಎಂದು ಕೂಗುತ್ತಿದ್ದುದು ಮಾತ್ರ ನಮಗೆ ಕೇಳಿಸಿತು.

ಬಸಪ್ಪ ಆಗಲೇ ಎತ್ತು ಮಾರಿದ ರೈತನಿಗೆ ಫೋನು ಹಚ್ಚಿದ. ಆತ ನಕ್ಕ. "ಅದು ಹುಟ್ಟಾ ಎಡಕ್ಕ ದುಡದ ಎತ್ತರಿ. ನೀವು ಕೇಳ್ಲಿಲ್ಲ, ನಾ ಹೇಳ್ಲಿಲ್ಲ."

ಏಕೆ ಕೇಳಲಿಲ್ಲ? ಅಂದು ಕೊಳ್ಳುವಾಗ ನಾನು ಸುಳಿಶುದ್ಧಿ, ಲಕ್ಷಣ, ವರ್ಣಗಳ ಕುರಿತು ಪ್ರವಚನ ಕೊಡುತ್ತಿದ್ದೆ. ಮನೆಗೆ ತಂದ ಮೇಲೆ, ಬಲವೆಂದರೆ ಮಂಗಳ, ಮದುಮಗಳೂ ಬಲಗಾಲಿಟ್ಟೇ ಒಳಗೆ ಬರುತ್ತಾಳೆ, ಆದ್ದರಿಂದ ಹೊಸ ಎತ್ತಿಗೆ ಬಲಗಡೆಯೇ ಸಲ್ಲಬೇಕು ಎಂದು ಅಪ್ಪಣೆ ಕೊಡಿಸಿದವನೂ ನಾನೇ. ಓದಿದವನು ಹೇಳಿದ ಮೇಲೆ ಮುಗಿಯಿತೆಂದು ಬಡಪಾಯಿಗಳು ಒಪ್ಪಿಕೊಂಡಿದ್ದರು. ಐದು ಸೋಲುಗಳ ಕರ್ತೃಪದ ಕೊಡ ಹಿಡಿದು ಅಲ್ಲೇ ನಿಂತಿತ್ತು. ಕಾಕಾ ನನ್ನನ್ನು ನೋಡಿದರು, ಬಯ್ಯಲಿಲ್ಲ. "ಇರ್ಲಿ ಬಿಡ್ರಿ ಮಾಸ್ತರ. ನಿಮ್ಮ ಶಾಸ್ತ್ರ ಎತ್ತಿಗೆ ತಿಳೀಲಿಲ್ಲ," ಎಂದರು. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮೂಡಲಗಿಯ ಓಟಕ್ಕೆ ಎಡಕ್ಕೆ ರಾಜಾ, ಬಲಕ್ಕೆ ಹೋರಿ; ಇಷ್ಟು ದಿನ ಎಡಕ್ಕೆ ಓಡಿದ್ದ ಎತ್ತಿಗೆ ಮನೆಯಲ್ಲೇ ವಿಶ್ರಾಂತಿ. ಬರುವ ವರ್ಷಕ್ಕೆಂದು ಇಟ್ಟುಕೊಂಡದ್ದನ್ನು ಈ ವರ್ಷದ ಮುರುಕು ಹಂಗಾಮಿಗೆ ಹೂಡಿದ್ದೆವು. ಕಬ್ಬು ಕಟಾವಾಗಿದ್ದ ಹೊಲಗಳ ನಡುವಿನ ದಾರಿಯಲ್ಲಿ ನಾಲ್ಕು ಗಾಡಾ ಸಾಲಾಗಿ ನಿಂತವು. ನಮ್ಮನ್ನು ಕಂಡು ಯಾರೋ ಸೀಟಿ ಹೊಡೆದರು. ನಿಶಾನೆ ಬಿತ್ತು. ಕಾಕಾ ಚಾಬೂಕು ಹಿಡಿಯುವವರಲ್ಲ. ನಾಲಿಗೆಯಿಂದ ಟಕ್ ಎನ್ನಿಸಿದರು, ಅಷ್ಟೇ. ಅರ್ಧ ದಾರಿಯವರೆಗೆ ಮೂರನೆಯವರು. ಹೋರಿ ತುಸು ತಡವರಿಸಿತು. ರಾಜಾ ಅದನ್ನು ಹೆಗಲಿನಿಂದಲೇ ಎಳೆದುಕೊಂಡು ಹೋಯಿತು. ಆಮೇಲೆ ಎರಡನೆಯವರು. ಆಮೇಲೆ, ಸ್ವಾಮಿ, ನಮ್ಮ ಮುಂದೆ ಧೂಳೇ ಇರಲಿಲ್ಲ! ಕೆಂಪು ಬಾವುಟ ದಾಟಿದಾಗ ನಾನು ಕೊಡವನ್ನು ಎಲ್ಲಿ ಎಸೆದೆನೋ, ಪಕ್ಕದವರನ್ನು ಯಾಕೆ ಅಪ್ಪಿಕೊಂಡೆನೋ ಒಂದೂ ತಿಳಿಯದು. ಗೆದ್ದೆವು!

ಮಂದಿ ಕಾಕಾರನ್ನು ಹೆಗಲಿಗೇರಿಸಿದರು. ಅವರು ಬಯ್ದಾಡಿ ಇಳಿದು, ಕುಂಟುತ್ತ ಹೋಗಿ, ರಾಜಾನ ಕೊರಳಿಗೆ ಹಣೆ ಹಚ್ಚಿ ಮಕ್ಕಳ ಹಾಗೆ ಅತ್ತರು. ನಾವಿಬ್ಬರೂ ಅತ್ತೆವು. ಕಣ್ಣೊರೆಸಿಕೊಂಡ ಬಸಪ್ಪ ತನ್ನ ಜಾಯಮಾನ ಬಿಡದೆ, "ಕಾಕಾ, ಹಂಗಾರ ಬರೋ ವರ್ಷದ್ದ ಏನ್ ಮಾಡೂಣ್ರಿ?" ಎಂದ.

ಕಾಕಾ ತಲೆಗೆ ಸುತ್ತಿದ, ಗುಲಾಲು ಮೆತ್ತಿದ ರುಮಾಲನ್ನು ಓರೆ ಮಾಡಿಕೊಂಡರು. "ತಡೀಯೋ ಮಾರಾಯಾ! ಈ ವರ್ಷ ಈಗರೆ ಬಂದೈತಿ. ಮೊದ್ಲ ಊರಾಗ ಒಂದ ಸುತ್ತ ಹಾಕ್ಕೊಂಡ ಬರ್ತೇನಿ."