ಹುಳುಮನೆ ಬಾಗಿಲಿನ ಹಾಳೆ

ಕೊರೊನಾ ಕಳೆದು ಅಂಗನವಾಡಿಗಳ ಬಾಗಿಲು ಮತ್ತೆ ತೆರೆದ ವರ್ಷ ನಾನು ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿಗೆ ಹತ್ತಿರದ ಹಳ್ಳಿಯೊಂದರಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದೆ. ಪ್ರತಿ ತಿಂಗಳೂ ಮಕ್ಕಳ ತೂಕ ನೋಡಿ ಚಾರ್ಟಿನಲ್ಲಿ ಗುರುತು ಹಾಕುವುದು ನನ್ನ ಕೆಲಸ. ಹಸಿರು ಪಟ್ಟಿಯಲ್ಲಿದ್ದರೆ ಸರಿ, ಹಳದಿಯಾದರೆ ಎಚ್ಚರಿಕೆ. ಕೆಂಪಿಗಿಳಿದರೆ ತಾಯಿ-ಮಗು ಇಬ್ಬರನ್ನೂ ಹದಿನಾಲ್ಕು ದಿನ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಬೇಕು.

ಮಂಜುಳಳ ಮಗಳು ಜಾನ್ವಿಗೆ ಆಗ ಹದಿನಾಲ್ಕು ತಿಂಗಳು. ತೂಕ ಆರು ಕೆ.ಜಿ. ಎಂಟುನೂರು ಗ್ರಾಂ. ಇನ್ನು ಇನ್ನೂರು ಗ್ರಾಂ ಇಳಿದರೆ ಕೆಂಪು. ನನ್ನ ನಾಲಿಗೆ ಮೊದಲಿಂದಲೂ ಸ್ವಲ್ಪ ಉದ್ದ. ತಾಯಂದಿರ ಸಭೆಯಲ್ಲಿ ಎಲ್ಲರೆದುರೇ, "ಮಗೂಗೆ ಊಟ ಹಾಕ್ತೀಯೋ, ಬರೀ ಫೋಟೋ ತೆಗೀತೀಯೋ?" ಎಂದುಬಿಟ್ಟೆ. ರಾಗಿ ಸರಿ, ಮೊಟ್ಟೆ, ತುಪ್ಪ ಎಂದು ಅರ್ಧ ಗಂಟೆ ಕೊರೆದೆ.

ಎರಡು ದಿನ ಬಿಟ್ಟು ಅವರ ಮನೆಗೇ ಹೋದೆ. ರೇಷ್ಮೆ ಹುಳ ಸಾಕುವ ಕೋಣೆಯ ಬಾಗಿಲಲ್ಲೇ ಅವಳ ಗಂಡ ಮುನಿರಾಜು ತಡೆದ.

"ಅಲ್ಲೇ ನಿಂತ್ಕೊಳ್ಳಿ ಟೀಚರಮ್ಮ. ಪೌಡರ್ ಹಾಕ್ಕೊಂಡಿದೀರ, ಹುಳಕ್ಕೆ ವಾಸ್ನೆ ಆಗಲ್ಲ."

ಹುಳ ಗೂಡು ಕಟ್ಟುವ ಮುಂಚಿನ ವಾರ ಅದು, ಹಗಲೂ ರಾತ್ರಿ ತಿನ್ನುವ ಕಾಲ. ಪೌಡರಿನ ಅವಮಾನ ನುಂಗಿಕೊಂಡು ನಿಂತೆ. ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುವ ಹೊತ್ತು ಬರೆದಿತ್ತು: ಆರು, ಹನ್ನೊಂದು, ನಾಲ್ಕು, ಒಂಬತ್ತು. ಪಕ್ಕದ ಜಗಲಿಯಲ್ಲಿ ಜಾನ್ವಿ ಬನ್ನಿನ ಚೂರು ಚೀಪುತ್ತಾ ಕೂತಿದ್ದಳು.

"ಮಗೂಗೆ ಎಷ್ಟೊತ್ತಿಗಪ್ಪಾ?" ಎಂದೆ.

ಉತ್ತರ ಒಳಗಿನಿಂದ ಬಂತು, ಮಂಜುಳಳದು. "ಕೈ ಬಿಡುವಾದಾಗ. ನೀವು ಹೇಳಿದ್ದೆಲ್ಲ ನಂಗೊತ್ತು ಟೀಚರ್, ಡಬ್ಬಿ ತುಂಬ ಸರಿ ಪುಡಿ ಐತೆ. ಒಂದ್ಸಲ ಆಚೆ ಬಂದ್ರೆ ಮತ್ತೆ ಕೈಕಾಲು ತೊಳ್ಕೊಂಡೇ ಒಳಗೆ ಬರ್ಬೇಕು. ಅಷ್ಟೊತ್ತಿಗೆ ಸೊಪ್ಪು ಬಾಡ್ತದೆ."

ಚೀಲದಿಂದ ಚಾರ್ಟ್ ತೆಗೆದು ನೋಡಿದೆ. ಹಿಂದೆ ಎರಡು ಸಲ ತೂಕ ಇಳಿದದ್ದೂ ಹುಳ ಹೀಗೆ ದೊಡ್ಡದಾಗಿದ್ದಾಗಲೇ. ಎಲ್ಲ ತಿಳಿದವಳಿಗೆ ಊರ ಮುಂದೆ ಪಾಠ ಹೇಳಿದ್ದೆನಲ್ಲ ಎಂದು ನಾಚಿಕೆಯಾಯಿತು. "ತಪ್ಪಾಯ್ತು ಕಣಮ್ಮ," ಎಂದೆ. ಪೆನ್ನು ತೆಗೆದು ಆ ಹಾಳೆಯ ಕೆಳಗೆ ಬರೆದೆ: 'ಮೊದಲು ಜಾನ್ವಿ.'

ಮುನಿರಾಜು ನಕ್ಕ. "ಹುಳಕ್ಕೆ ಒಂದೊತ್ತು ತಪ್ಪಿದ್ರೆ ಗೂಡು ಸಣ್ಣ ಆಗ್ತವೆ ಟೀಚರಮ್ಮ."

"ಮಗೂಗೆ ತಪ್ಪಿದ್ರೆ ಏನಾಗ್ತದೆ, ಎತ್ಕೊಂಡು ನೀನೇ ನೋಡಪ್ಪ."

ಮಗಳನ್ನು ಎತ್ತಿಕೊಂಡವನ ನಗು ನಿಂತಿತು. "ಬಟ್ಲು ಎಲ್ಲೈತೆ?" ಎಂದು ಹೆಂಡತಿಯನ್ನು ಕೇಳಿದ. ಅವತ್ತು ಮಗುವಿನ ಹೊಟ್ಟೆಗೆ ಹೋದದ್ದಕ್ಕಿಂತ ಅವನ ಅಂಗಿಯ ಮೇಲೆ ಬಿದ್ದ ಸರಿಯೇ ಹೆಚ್ಚು.

ಮರುತಿಂಗಳು ಜಾನ್ವಿಯ ತೂಕ ಏಳು ಕೆ.ಜಿ. ನೂರು ಗ್ರಾಂ. ಆದರೆ ಪರೀಕ್ಷೆ ಇದ್ದದ್ದು ಮುಂದಿನ ರೇಷ್ಮೆ ಬೆಳೆಯಲ್ಲಿ. ಹುಳ ಮತ್ತೆ ದೊಡ್ಡದಾದ ವಾರ ತೂಕದ ಯಂತ್ರ ಹೊತ್ತುಕೊಂಡು, ಪೌಡರ್ ಹಾಕಿಕೊಳ್ಳದೆ ಹೋದೆ. ಏಳೂವರೆ ಕೆ.ಜಿ! ಇನ್ನೂ ಹಳದಿಯೇ, ಆದರೆ ಗೆರೆ ಮೇಲಕ್ಕೇರುತ್ತಿತ್ತು. ಖುಷಿಗೆ ಕೂಸನ್ನು ಎತ್ತಿ ಮುದ್ದಾಡಿದೆ, ಅದು ನನ್ನ ಕನ್ನಡಕ ಕಿತ್ತುಕೊಂಡಿತು.

ಹೊರಡುವಾಗ ಬಾಗಿಲ ಹಾಳೆ ನೋಡಿದೆ. ನನ್ನ ಬರಹದ ಕೆಳಗೆ ಮುನಿರಾಜುವಿನ ಸೊಟ್ಟ ಅಕ್ಷರಗಳು: 'ಆಮೇಲೆ ಮಂಜುಳ. ಆಮೇಲೆ ಹುಳ.'

ಅಷ್ಟು ವರ್ಷ ತಾಯಂದಿರನ್ನು ನಾನು ಮಗುವಿನ ಊಟದ ಬಗ್ಗೆಯೇ ಕೇಳುತ್ತಿದ್ದೆ. ಈಗ ತೂಕಕ್ಕೆ ಯಾರೇ ಬರಲಿ, ಮಗುವನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳುತ್ತೇನೆ: "ನೀನು ಊಟ ಮಾಡ್ದೇನಮ್ಮ?"