ನೀಲಮ್ಮನ ಕೈಮಾತು

ನಮ್ಮ ಬೀಗತಿ ನೀಲಮ್ಮ ಗುಟ್ಟು ಹೇಳಿದರೆ ಓಣಿಯ ಕೊನೆಯ ಮನೆಯವರು ಹೂಂಗುಡುತ್ತಿದ್ದರು. ದೇವದುರ್ಗದಿಂದ ಬಂದು ಆಟೊ ಇಳಿಯುವಾಗಲೇ ಅವರ ದನಿ ರಾಯಚೂರಿನ ನಮ್ಮ ಅಡುಗೆಮನೆ ಮುಟ್ಟುತ್ತಿತ್ತು. ಸೊಸೆ ಶಾರದಾ, ಅಂದರೆ ಅವರ ಮಗಳು, ಚಹಾಕ್ಕೆ ನೀರಿಡುತ್ತಿದ್ದಳು. ನೀಲಮ್ಮ ಅರ್ಧ ಆಯುಷ್ಯ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಕಾರ್ಖಾನೆಯಲ್ಲಿ ದುಡಿದವರು. ಯಂತ್ರಗಳ ನಡುವೆ ಕೂಗಿ ಕೂಗಿ ಗಂಟಲು ಹಾಗಾಗಿತ್ತು. ಕೂಗಿದರೂ ಕೇಳದಷ್ಟು ಗದ್ದಲವಾದರೆ ಅಲ್ಲಿಯ ಹೆಂಗಸರು ಕೈಯಲ್ಲೇ ಮಾತಾಡುತ್ತಿದ್ದರಂತೆ. ಹೆಬ್ಬೆರಳು ತುಟಿಗೆ ತಾಗಿಸಿದರೆ ನೀರು. ಎರಡೂ ಮುಂಗೈ ಅಡ್ಡಡ್ಡ ಹಿಡಿದರೆ ಯಂತ್ರ ನಿಲ್ಲಿಸು ಎಂದು. ಊಟದಲ್ಲಿ ಬಾಯಿ ತುಂಬಿದ್ದಾಗಲೂ ನೀಲಮ್ಮನ ಮಾತು ನಿಲ್ಲುತ್ತಿರಲಿಲ್ಲ, ಕೈಗೆ ಇಳಿಯುತ್ತಿತ್ತು.

ಮೊಮ್ಮಗಳು ಪೂರ್ವಿಗೆ ಮೂರು ತುಂಬಿದರೂ ಮಾತು ಬರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಮಿಕ್ಸರ್ ಹಚ್ಚಿದರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಿದ್ದಳು. ಮಗ ಬಸವರಾಜ ಮತ್ತು ಶಾರದಾ ಡಾಕ್ಟರ ಹತ್ತಿರ ಹೋಗಿ, ಆಟಿಸಂ ಎಂಬ ಹೊಸ ಮಾತು ಹೊತ್ತು ಮನೆಗೆ ಬಂದರು. ಅಂದು ಶಾರದಾ ರೊಟ್ಟಿ ಬಡಿಯುತ್ತಲೇ ಅಳುತ್ತಿದ್ದಳು. ಬಸವರಾಜ ಶಕ್ತಿನಗರದ ಡ್ಯೂಟಿಗೆ ಹೋಗದೆ ಮಗಳ ಎದುರು ನೆಲದ ಮೇಲೆ ಕೂತಿದ್ದ. ಮನೆಯ ಹಿರಿಯನಾಗಿ ನಾನು ಒಂದು ಒಳ್ಳೆಯ ಮಾತು ಆಡಬೇಕಿತ್ತು. ಯಾರ ಮುಂದೂ ಹೇಳಬೇಡಿ ಎಂದೆ. ನಮ್ಮ ಮನೆತನದಲ್ಲಿ ಇಂಥದ್ದು ಇರಲಿಲ್ಲ ಎಂದೂ ಸೇರಿಸಿದೆ. ಸೊಸೆಗೆ ಅದು ಎಲ್ಲಿ ನಾಟಿತೆಂದು ಈಗ ಗೊತ್ತು. ಆಗಲೂ ಗೊತ್ತಿತ್ತು.

ಮರುದಿನವೇ ನೀಲಮ್ಮ ಬಂದರು. ಅವರ ದನಿಗೆ ಮಗು ಕಿವಿ ಮುಚ್ಚಿದ್ದನ್ನು ಕಂಡು ಹೊಸ್ತಿಲಲ್ಲೇ ಬಾಯಿ ಬಿಗಿಹಿಡಿದರು. ಆಮೇಲೆ ಪೂರ್ವಿ ಎಚ್ಚರವಿದ್ದಷ್ಟು ಹೊತ್ತು ಆ ದನಿ ಏರಲಿಲ್ಲ. ತಡೆಯಲಾಗದಿದ್ದರೆ ಓಣಿಯ ತುದಿಗೆ ಹೋಗಿ, ಕಾಯಿಪಲ್ಲೆಯವಳ ಜೊತೆ ನಾಲ್ಕು ಮಾತು ಜಗಳಾಡಿ, ಹಗುರಾಗಿ ಬರುತ್ತಿದ್ದರು.

ಮಗುವಿಗೆ ನೀರು ಕೊಡುವಾಗಲೆಲ್ಲ ಮೊದಲು ಹೆಬ್ಬೆರಳು ತುಟಿಗೆ ತಾಗಿಸಿ ತೋರಿಸುವರು. ಯಂತ್ರ ನಿಲ್ಲಿಸುವ ಸನ್ನೆ ನಮ್ಮ ಮನೆಯಲ್ಲಿ 'ಸಾಕು' ಆಯಿತು. ನನಗೆ ಸಿಟ್ಟು ಬಂತು.

"ಬೀಗತೇರ, ಕೂಸಿನ್ನ ಮೂಕಿ ಮಾಡಾಕ ಬಂದೀರೇನು?"

ಅವರು ಬಾಯಿ ತೆರೆಯುವ ಮೊದಲೇ, ಎಂದೂ ನನಗೆ ಎದುರಾಡದ ಶಾರದಾ ಹೇಳಿದಳು: "ಮಾವಾರ, ಬಾಯಿಲೆ ಹೇಳಲಿ, ಕೈಲೆ ಹೇಳಲಿ. ಏನು ಬೇಕಂತ ಆಕಿ ಹೇಳಿದ್ರ ನಮಗ ಅಷ್ಟ ಸಾಕು."

ಸನ್ನೆಯಿಂದ ಮಾತು ಕೆಡುವುದಿಲ್ಲ ಎಂದು ಪೂರ್ವಿಗೆ ಮಾತಿನ ತರಬೇತಿ ಕೊಡುವ ಮೇಡಮ್ಮೂ ಹೇಳಿದ್ದರಂತೆ. ಗಂಡ ಹೆಂಡತಿ ಇಬ್ಬರೂ ನೀಲಮ್ಮನ ಮುಂದೆ ಕೂತು ಕಲಿತರು. ನಾನು ಕಲಿಯಲಿಲ್ಲ. ಯಾರಾದರೂ ಮನೆಗೆ ಬಂದರೆ ಮಗುವಿನ ಕೈಯನ್ನು ಮೆಲ್ಲಗೆ ಕೆಳಗೆ ಒತ್ತುತ್ತಿದ್ದೆ.

ಮಾನ್ವಿಯಲ್ಲಿ ಒಂದು ಮದುವೆ. ನಮ್ಮ ಮಗುವಿಗೆ ಏನೂ ಆಗಿಲ್ಲ ಎಂದು ಬಳಗಕ್ಕೆ ತೋರಿಸುವ ಹಟ ನನಗೆ. ಪೂರ್ವಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಸಾಲಿನಲ್ಲೇ ಕೂತೆ. ಬಾಜಾಬಜಂತ್ರಿ ಶುರುವಾಯಿತು. ಅವಳು ನನ್ನ ಕಡೆ ತಿರುಗಿ ಮುಂಗೈ ಅಡ್ಡ ಹಿಡಿದಳು. ಇಳಿಸಿದೆ. ಮತ್ತೆ ಹಿಡಿದಳು. ಎರಡೂ ಕೈಯನ್ನು ನನ್ನ ಒಂದೇ ಮುಷ್ಟಿಯಲ್ಲಿ ಬಿಗಿದೆ. ಆಗ ಚೀರಿದ ಚೀರಿಗೆ ಸಭೆಯೆಲ್ಲ ತಿರುಗಿತು.

ಹೆಂಗಸರ ಕಡೆಯಿಂದ ನೀಲಮ್ಮ ಎದ್ದು ಬಂದರು. ಬೈಯುತ್ತಾರೆಂದುಕೊಂಡೆ. ನನ್ನ ಕಿವಿಯ ಹತ್ತಿರ ಬಗ್ಗಿ, ನನಗಷ್ಟೇ ಕೇಳುವಂತೆ ಹೇಳಿದರು: "ಕೈ ಬಿಡ್ರಿ ಬೀಗರ. ಆಕಿ ಬಾಯಿ ಮುಚ್ಚೀರಿ ನೀವು."

ಬಿಟ್ಟೆ. ಮಗು ಬಿಕ್ಕುತ್ತಲೇ ಮತ್ತೆ ನನ್ನ ಮುಖದ ಮುಂದೆ ಮುಂಗೈ ಅಡ್ಡ ಹಿಡಿದಳು.

"ಸಾಕು ಅನ್ನಾಕತ್ತಾಳ. ನನಗಲ್ಲ, ಅವರವ್ವಗಲ್ಲ. ನಿಮಗ."

ಎತ್ತಿಕೊಂಡು ಹೊರಗೆ ಓಡಿದೆ. ಗದ್ದಲ ದೂರವಾದ ಮೇಲೆ ಉಸಿರು ತಹಬಂದಿಗೆ ಬಂತು. ಪೂರ್ವಿ ಹೆಬ್ಬೆರಳನ್ನು ತುಟಿಗೆ ತಾಗಿಸಿದಳು. ಅಡುಗೆಯವರ ಕೊಡದಿಂದ ಲೋಟ ತುಂಬಿ ತಂದು ಕೊಟ್ಟೆ. ಗಟಗಟ ಕುಡಿದು ಖಾಲಿ ಲೋಟ ನನ್ನ ಕೈಗೇ ಕೊಟ್ಟಳು. ಅವಳು ನನ್ನನ್ನು ಕೇಳಿದ್ದು, ನಾನು ಕೊಟ್ಟದ್ದು ಅದೇ ಮೊದಲು. ಹಿಂದೆ ಓಡಿ ಬಂದಿದ್ದ ಬಸವರಾಜ ನಗುತ್ತಿದ್ದ, ಶಾರದಾ ಅಳುತ್ತಿದ್ದಳು. ಇಬ್ಬರ ಮುಖಗಳೂ ಒಂದೇ ಥರ ಕಂಡವು. ಅಲ್ಲಿಯೇ ಸೊಸೆಗೆ, ತಪ್ಪಾಯಿತವ್ವಾ ಎಂದೆ.

ಮರುದಿನ ನೀಲಮ್ಮನ ಮುಂದೆ ಚಾಪೆ ಹಾಸಿ ಕೂತೆ. ಬೀಗರೆಂದು ರಿಯಾಯಿತಿ ಸಿಗಲಿಲ್ಲ. "ಮ್ಯಾಟ್ರಿಕ್ ಆದವರು ನೀವು, ನಮ್ಮ ಜಿನ್ನಿನ ಸಾಲಿಗೆ ತಡಾ ಮಾಡಿ ಬಂದ್ರಿ. ಹಿಂದಿನ ಸಾಲಿನಾಗ ಕೂಡ್ರಿ" ಎಂದರು. 'ಇನ್ನಷ್ಟು' ಎಂಬ ಸನ್ನೆಯನ್ನು ನಾನು ತಪ್ಪಾಗಿ ಹಿಡಿದರೆ ಪೂರ್ವಿಯೇ ನನ್ನ ಬೆರಳು ಸರಿಪಡಿಸುತ್ತಿದ್ದಳು. ಈಗ ಬಾಯಿಂದಲೂ ಕೆಲವು ಮಾತು ಬಂದಿವೆ, ಬಾರದವು ಕೈಯಲ್ಲಿವೆ. ನಮ್ಮ ಓಣಿಯ ಶಾಲೆಗೇ ಹೋಗುತ್ತಾಳೆ.

ಕಳೆದ ವರ್ಷ ನೀಲಮ್ಮ ನಿದ್ದೆಯಲ್ಲೇ ಹೋದರು. ದಿವಸದ ಕಾರ್ಯಕ್ಕೆ ದೇವದುರ್ಗದಲ್ಲಿ ಅಂಗಳ ತುಂಬ ಜನ. ಬಳಗದ ಒಬ್ಬಾಕೆ ಪೂರ್ವಿಯ ರಟ್ಟೆ ಹಿಡಿದು, ಆಯಿಗೆ ಕೈ ಮುಗಿ ಎಂದು ಅಜ್ಜಿಯ ಫೋಟೊದತ್ತ ಎಳೆಯತೊಡಗಿದಳು. ಊದುಬತ್ತಿಯ ಹೊಗೆಗೆ ಮಗು ಹಿಂದೆ ಸರಿದು ಮುಂಗೈ ಅಡ್ಡ ಹಿಡಿದಳು. ಆಕೆ ಮತ್ತೆ ಎಳೆದಳು. ನಾನು ನಡುವೆ ಹೋಗಿ ನಿಂತೆ. ನನ್ನ ಮೊಮ್ಮಗಳಿಗೆ ಆಟಿಸಂ ಇದೆ ಎಂದು ಅಂಗಳಕ್ಕೆಲ್ಲ ಕೇಳುವಂತೆ ಹೇಳಿದೆ.

"ಬಿಡ್ರಿ, ಸಾಕು ಅಂದಾಳ ಆಕಿ."

"ಬಾಯಿನ ತೆಗೀಲಿಲ್ಲಲ್ಲ ಯಪ್ಪಾ, ಯಾವಾಗ ಅಂದ್ಳು?"

"ಅಂದಾಳ," ಎಂದೆ. "ನಾ ಕೇಳೀನಿ."